ಟೀ ಅಂಗಡಿ ಬೆಂಚಿನ ಮಹಾಜನಗಳಿಗೆ

ಗೌನಿಪಲ್ಲಿ ಬಸ್ ಸ್ಟಾಂಡಿನ ಬೆಂಚಿನಲ್ಲಿ ಬೇರು ಬಿಟ್ಟಿರುವ ದೊಡ್ಡಪ್ಪ, ಚಿಕ್ಕಪ್ಪ, ಅಣ್ಣಂದಿರಿಗೆಲ್ಲ ನಮಸ್ಕಾರ.

ಇವತ್ತು ಮಧ್ಯಾಹ್ನ ನಾನು ಬಸ್ಸಿಳಿದಾಗ ನಿಮ್ಮ ಸಭೆ ಜೋರಾಗಿ ನಡೀತಿತ್ತು. ಮಾವಿನಲ್ಲಿ ಬಾದಾಮಿ ಮೇಲೋ ಮಲ್ಲಿಕಾ ಮೇಲೋ? ಕನ್ನಡದಲ್ಲಿ ಶುರುವಾದ ಜಗಳ ತೆಲುಗಿಗೆ ದಾಟಿತ್ತು. ಅಂದರೆ ವಿಷಯ ಗಂಭೀರ. ಮಲ್ಲಿಕಾ ನಮ್ಮ ಮಣ್ಣಿನದೇ ತಳಿ ಅಂತ ಅಣ್ಣ ಒಬ್ಬರು ತಾಯಾಣೆ ಹಾಕಿದರು. ನೀಲಂಗೆ ದಶೇರಿ ಸೇರಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ್ದಣ್ಣಾ ಅದು, ಅಂದೆ. ‘ದೆಹಲಿಯವರಿಗೇನೋ ಗೊತ್ತು ಮಾವು?’ ಅಂದುಬಿಟ್ಟರು.

‘ನೀನ್ಯಾವ ಕಡೆನಪ್ಪಾ?’ ಅಂತ ನನ್ನನ್ನೂ ಕೇಳಿದಿರಿ. ನಾನು ರಾಗಿ ಕಡೆ. ಯಾಕೆ ಅಂತ ಕೇಳಿ.

ತೋತಾಪುರಿ ಮಾವಿನ ಬೆಂಬಲ ಬೆಲೆಗೆ ಹೆಸರು ಬರೆಸಲು ಬೆಳಿಗ್ಗೆಯೇ ಹೋಗಿದ್ದೆ. ಯಾವ ಕಚೇರಿ ಅಂತ ಹೇಳಲ್ಲ, ಮತ್ತೆ ಅಲ್ಲಿಗೇ ಹೋಗಬೇಕು. ಮೊದಲು ಸರ್ವರ್ ಇರಲಿಲ್ಲ. ಸರ್ವರ್ ಬರುವ ಹೊತ್ತಿಗೆ ಸಾಹೇಬರು ಊಟಕ್ಕೆ ಹೋದರು. ಕೊನೆಗೆ ಕಂಪ್ಯೂಟರ್ ಹುಡುಗ ಹೇಳಿದ: ‘ನಿಮ್ಮ ಸರ್ವೆ ನಂಬರಲ್ಲಿ ರಾಗಿ ತೋರಿಸ್ತಿದೆ.’ ನಮ್ಮಪ್ಪ ನೆಟ್ಟ ಮರಗಳಪ್ಪಾ, ಬಂದು ನೋಡು, ಅಂದೆ. ‘ಬೆಳೆ ಸಮೀಕ್ಷೆಲಿ ರಾಗಿ ಅಂದ್ರೆ ರಾಗಿನೇ ಸಾರ್.’ ಅವನನ್ನು ನಿಮ್ಮ ಬೆಂಚಿಗೆ ಕಳಿಸಬೇಕು, ಮೊದಲ ದಿನವೇ ಅಧ್ಯಕ್ಷ ಆಗ್ತಾನೆ.

ತಮಾಷೆ ಸಾಕು. 2025ರ ಜೂನ್ 7ಕ್ಕೆ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದು ಎಂದು ಆದೇಶ ಹೊರಡಿಸಿತು. ನಮ್ಮ ಕಾಯಿ ಕೊಂಡು ತಿರುಳು ತೆಗೆಯುವ ಕಾರ್ಖಾನೆಗಳು ಇರುವುದೇ ಆ ಕಡೆ. ಅಲ್ಲಿಯ ರೈತನಿಗೆ ಆ ವರ್ಷ ಕಿಲೋಗೆ ಕಾರ್ಖಾನೆಯಿಂದ 8 ರೂಪಾಯಿ, ಸರ್ಕಾರದಿಂದ 4 ಅಂತ ನಿಗದಿಯಾಯಿತು. ನಮಗೆ ಚೆಕ್‌ಪೋಸ್ಟ್. ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ನೀವೇನು ಮಾಡಿದಿರಿ? ತೋತಾಪುರಿ ಮಾವೇ ಅಲ್ಲ, ಅದನ್ನು ಮನೆಗೆ ಒಯ್ಯುವವನು ರಸಿಕನೇ ಅಲ್ಲ ಅಂತ ಅದೇ ವಾರ ಒಮ್ಮತದಿಂದ ತೀರ್ಮಾನಿಸಿದಿರಿ! ನೀವು ಒಮ್ಮತಕ್ಕೆ ಬಂದಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ದೊಡ್ಡಪ್ಪಾ, ಬಾದಾಮಿ ನಿಮ್ಮ ಬಾಯಿ ರುಚಿಗೆ. ನನ್ನ ಮಗಳ ಫೀಸು ಕಟ್ಟುವುದು ತೋತಾಪುರಿ. ಕೀಳಿಸಿದರೆ ಕೂಲಿ ಹುಟ್ಟಲ್ಲ, ಬಿಟ್ಟರೆ ಉದುರಿ ಕೊಳೆಯುತ್ತೆ. ಬುಡದಲ್ಲಿ ನೊಣ ಮುತ್ತಿಕೊಂಡು ಬಿದ್ದಿದೆ ನನ್ನ ರಾಗಿ.

ನಾಳೆ ಮೊದಲ ಬಸ್ಸಿಗೆ ಬಾದಾಮಿ ಪಕ್ಷದಿಂದ ಒಬ್ಬರು, ಮಲ್ಲಿಕಾ ಪಕ್ಷದಿಂದ ಒಬ್ಬರು ನನ್ನ ಜೊತೆ ಆ ಕಚೇರಿಗೆ ಹೊರಡಿ. ಇಲ್ಲಿ ಕಿರುಚುವಷ್ಟೇ ಅಲ್ಲೂ ಕಿರುಚಿ. ಮಾವಿನ ಮರಕ್ಕೂ ರಾಗಿ ಪೈರಿಗೂ ವ್ಯತ್ಯಾಸ ಇದೆ ಅಂತ ಆ ಹುಡುಗನನ್ನು ಒಪ್ಪಿಸಿ. ಟೀ ನನ್ನದು, ಟಿಕೆಟ್ ನಿಮ್ಮದು. ರಾಗಿ ಬೆಳೆಗಾರನ ಹತ್ತಿರ ಅಷ್ಟು ದುಡ್ಡಿಲ್ಲ.

ಇಂತಿ,
ಸರ್ಕಾರಿ ದಾಖಲೆ ಪ್ರಕಾರ ರಾಗಿ ಹೊಲದ ಯಜಮಾನ