ಅಬಲೂರಿನ ಶಿರಶ್ಛೇದ ಶಾಸನದ ಸಿಸ್ಟಂ ಕಾಲ್ ಮೀಮಾಂಸೆ

ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿರುವ, ಸುಮಾರು 1200ರ ಶಾಸನವನ್ನು ವಿದ್ವಾಂಸರು ಧರ್ಮದ ಇತಿಹಾಸವೆಂದು ಓದಿದ್ದಾರೆ, ರಾಜಕೀಯ ಇತಿಹಾಸವೆಂದು ಓದಿದ್ದಾರೆ, ಬರಿಯ ದಾನಪತ್ರವೆಂದು ಓದಿ ಪಕ್ಕಕ್ಕಿಟ್ಟವರೂ ಇದ್ದಾರೆ. ಅದು ಸಿಸ್ಟಂ ಕಾಲ್‌ಗಳ ಜಾಡುಪಟ್ಟಿ ಎಂಬುದು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ವಿನಮ್ರ ಉದ್ದೇಶ. ಗಣಕದಲ್ಲಿ ಓಡುವ ಯಾವ ಪ್ರೋಗ್ರಾಮೂ ಡಿಸ್ಕನ್ನಾಗಲಿ ನೆಟ್‌ವರ್ಕನ್ನಾಗಲಿ ತಾನಾಗಿ ಮುಟ್ಟುವಂತಿಲ್ಲ. ಕರ್ನಲ್ ಎಂಬ ದೊರೆಯ ಬಾಗಿಲಿಗೆ ಹೋಗಿ ಬಿನ್ನಹ ಮಾಡಿಕೊಳ್ಳಬೇಕು. ಆ ಬಿನ್ನಹವೇ ಸಿಸ್ಟಂ ಕಾಲ್. ಯಾರು ಕೇಳಿದರು, ಏನೇನು ಮುಂದಿಟ್ಟು ಕೇಳಿದರು, ಉತ್ತರವೇನು ಬಂತು ಎಂಬ ಮೂರನ್ನೂ ಬಾಗಿಲಲ್ಲೇ ಕೂತು ಸಾಲುಸಾಲಾಗಿ ಬರೆದಿಡುವ ಲಿಪಿಕಾರನ ಹೆಸರು ಸ್ಟ್ರೇಸ್. ಅದನ್ನು 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಎಂಬಾತ ಸನ್‌ಓಎಸ್‌ಗಾಗಿ ಬರೆದನೆಂದು ಪಾಶ್ಚಾತ್ಯರು ನಂಬಿದ್ದಾರೆ. ನಮ್ಮ ಸಿದ್ಧಾಂತದಂತೆ ಆತ ಬಂದದ್ದು ಸುಮಾರು 790 ವರ್ಷ ತಡವಾಗಿ.

ಪ್ರಮಾಣಗಳನ್ನು ನೋಡೋಣ. ಆಳಂದೆಯ ಏಕಾಂತದ ರಾಮಯ್ಯನಿಗೆ ಹುಲಿಗೆರೆಯ ಸೋಮನಾಥನಿಂದ ಅಪ್ಪಣೆಯಾಗುತ್ತದೆ. ಆತ ಅಬಲೂರಿಗೆ ಬಂದು ಜೈನರೊಡನೆ ಪಂಥ ಕಟ್ಟುತ್ತಾನೆ. ಪಂಥದ ಷರತ್ತು ಓಲೆಗೇರುತ್ತದೆ. ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಒಪ್ಪಿಸುತ್ತಾನೆ. ಏಳು ದಿನ ಕಳೆದ ಮೇಲೆ ತಲೆ ಮರಳಿ ಬರುತ್ತದೆ. ಕರೆದವನು, ಕೊಟ್ಟ ವಸ್ತು, ತಗುಲಿದ ಕಾಲ, ಬಂದ ಉತ್ತರ, ಯಾವುದೂ ಬಿಟ್ಟುಹೋಗಿಲ್ಲ. ಒಂದು ಕರೆ ಮುಗಿಯುವ ಮೊದಲೇ ಇನ್ನೊಬ್ಬರ ಕರೆ ನಡುವೆ ನುಗ್ಗಿದರೆ ಸ್ಟ್ರೇಸ್ ಮೊದಲ ಸಾಲನ್ನು ‘ಅನ್‌ಫಿನಿಶ್ಡ್’ ಎಂದು ಅರ್ಧಕ್ಕೆ ನಿಲ್ಲಿಸಿ, ಮುಂದೆಲ್ಲೋ ‘ರೆಸ್ಯೂಮ್ಡ್’ ಎಂದು ಎತ್ತಿಕೊಳ್ಳುತ್ತದೆ. ರಾಮಯ್ಯನ ಕುತ್ತಿಗೆಯ ವಿಷಯದಲ್ಲಿ ಇದಕ್ಕಿಂತ ನಿಖರವಾದ ಪರಿಭಾಷೆ ಸಿಗಲಾರದು. ಗುಡಿಯ ಶಿಲ್ಪಪಟ್ಟಿಕೆಗಳ ಮೇಲೆ ಇದೇ ಕಥೆಯನ್ನು ಹೇಳುವ ಕಿರುಬರಹಗಳೂ ಇವೆ. ಅಷ್ಟು ಚುಟುಕಾಗಿ ಏಕೆ ಬರೆದರೆಂದು ಕಲಾವಿಮರ್ಶಕರು ತಲೆ ಕೆಡಿಸಿಕೊಳ್ಳಬೇಕಿಲ್ಲ: ಬೇರೆ ಆಜ್ಞೆ ಇಲ್ಲದಿದ್ದರೆ ಸ್ಟ್ರೇಸ್ ಕೂಡ ಕಡತಗಳ ಹೆಸರನ್ನು ಬಿಟ್ಟು ಉಳಿದ ಮಾತನ್ನೆಲ್ಲ 32 ಅಕ್ಷರಗಳಿಗೆ ಕತ್ತರಿಸಿಬಿಡುತ್ತದೆ. ಆ ಮಿತಿಯನ್ನು ಸಡಿಲಿಸಿ ಬರೆದ ಪಾಠ ಬೇಕಾದವರು ಹರಿಹರನ ರಗಳೆಗೆ ಹೋಗಬಹುದು.

ಈಗ ರೋಗಶೋಧನೆಯ ಮಾತು. ಒಂದು ಯಂತ್ರದಲ್ಲಿ ಸೊಗಸಾಗಿ ಬರೆಯುವ ಲಿಪಿಕಾರ ಇನ್ನೊಂದರಲ್ಲಿ ‘ಅನುಮತಿಯಿಲ್ಲ’ ಎಂದಷ್ಟೇ ಹೇಳಿ ಕೈಕಟ್ಟಿ ಕೂರುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳೆಂದು ನಾವು ನಗುತ್ತೇವೆ. ಇಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು. ಲಿನಕ್ಸ್‌ನ ಯಾಮಾ ಎಂಬ ಕಾವಲುಘಟಕ ಉಬುಂಟುವಿನಲ್ಲಿ ಮೊದಲೇ ಮಾಡಿಟ್ಟ ಕಟ್ಟಳೆಯಂತೆ, ಸಾಮಾನ್ಯ ಬಳಕೆದಾರ ತನ್ನ ಸಂತಾನವಲ್ಲದ ಪ್ರೋಗ್ರಾಮಿನ ಬೆನ್ನು ಹತ್ತುವಂತಿಲ್ಲ. ಡಾಕರ್ ಡಬ್ಬಿಯೊಳಗೆ 19.03ಕ್ಕಿಂತ ಹಳೆಯ ಆವೃತ್ತಿಯಾದರೆ ಜಾಡು ಹಿಡಿಯುವ ಕರೆಯನ್ನೇ ಸೆಕ್‌ಕಾಂಪ್ ಜರಡಿ ತಡೆಯುತ್ತದೆ. ಕರ್ನಲ್ 4.8ಕ್ಕಿಂತ ಮುಂಚೆ ಆ ಕರೆಯ ಮೂಲಕವೇ ಜರಡಿಯನ್ನು ತೂರಿಹೋಗಬಹುದಿತ್ತಾದ್ದರಿಂದ ಆ ಕಾವಲಿಗೆ ಕಾರಣವೂ ಇತ್ತು. ಮ್ಯಾಕ್‌ನಲ್ಲಿ ಸ್ಟ್ರೇಸ್ ಇಲ್ಲವೇ ಇಲ್ಲ. ಡಿಟ್ರಸ್ ಇದೆ, ಆದರೆ 2015ರ ಎಲ್ ಕ್ಯಾಪಿಟನ್‌ನಿಂದ ಈಚೆಗೆ ವ್ಯವಸ್ಥೆಯ ಸ್ವಂತ ಪ್ರೋಗ್ರಾಮುಗಳ ಜಾಡು ಹಿಡಿಯಲು ರೂಟ್ ಬಂದು ನಿಂತರೂ ಬಾಗಿಲು ತೆರೆಯದು. ಫ್ರೀಬಿಎಸ್‌ಡಿಯ ಕೆಟ್ರೇಸ್ ಎಲ್ಲವನ್ನೂ ಬರಿಗಣ್ಣಿಗೆ ದಕ್ಕದ ಕಡತವೊಂದಕ್ಕೆ ತುಂಬಿಡುತ್ತದೆ, ಓದಲು ಕೆಡಂಪ್ ಎಂಬ ಇನ್ನೊಬ್ಬ ಬೇಕು. ಅಬಲೂರಿನ ಕಲ್ಲಿಗೆ ಕೆಡಂಪ್ ಆಗಿ ಒದಗಿದವರು ಜಾನ್ ಫೇತ್‌ಫುಲ್ ಫ್ಲೀಟ್. ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅವರು ಅದನ್ನು ಬಿಡಿಸಿ ಓದುವ ತನಕ ಕಡತ ಸುಮಾರು ಏಳು ಶತಮಾನ ಹಾಗೇ ಬಿದ್ದಿತ್ತು.

ಕಲ್ಲು ಈ ಕಷ್ಟವನ್ನೆಲ್ಲ ಮೊದಲೇ ಅರಿತಿತ್ತು ಎಂಬುದಕ್ಕೆ ಬಲವಾದ ಆಧಾರ ಅದರ ಉತ್ತರಾರ್ಧದಲ್ಲಿದೆ. ಗುಡಿಗೆ ಮೊದಲು ದತ್ತಿ ಬಿಟ್ಟವನು ಕಳಚುರಿ ಬಿಜ್ಜಳ. ಆಮೇಲೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಬಿಟ್ಟ. ಕೊನೆಗೆ ಹಾನಗಲ್ಲಿನ ಕದಂಬ ಕಾಮದೇವ ಬಿಟ್ಟ. ಪವಾಡ ಒಂದೇ, ದೊರೆಗಳು ಮೂವರು, ಮನ್ನಣೆಯೂ ಮೂರು ಸಲ. ಸಿಂಹಾಸನದ ಮೇಲಿನ ಕರ್ನಲ್ ಬದಲಾದಾಗಲೆಲ್ಲ ಪರವಾನಗಿಯನ್ನು ಹೊಸದಾಗಿ ಪಡೆಯಬೇಕೆಂಬ ಸೂತ್ರ ಇದಕ್ಕಿಂತ ಸ್ಪಷ್ಟವಾಗಿ ಯಾವ ಕೈಪಿಡಿಯಲ್ಲೂ ಬಂದಿಲ್ಲ. ಕಥೆ ಬೇರೆ ನೆಲಕ್ಕೂ ಪೋರ್ಟ್ ಆಗಿದೆ: ಪಾಲ್ಕುರಿಕೆ ಸೋಮನಾಥ ತೆಲುಗಿನ ಬಸವಪುರಾಣದಲ್ಲಿ ಅದನ್ನು ಓಡಿಸಿದ, 1369ರಲ್ಲಿ ಭೀಮಕವಿ ಆ ಪುರಾಣವನ್ನು ಮತ್ತೆ ಕನ್ನಡಕ್ಕೆ ತಂದ. ಕಲ್ಲಿನಲ್ಲಿ ಹಳ್ಳಿ, ಭೂಮಿ, ದಾನಗಳ ಲೆಕ್ಕ ದಪ್ಪವಾಗಿ ಕಾಣುತ್ತದೆ, ಪುರಾಣದಲ್ಲಿ ಭಕ್ತಿ. ಜಾಡು ಸುಳ್ಳಾಯಿತೆಂದು ಗಾಬರಿಯಾಗುವವರು ಒಂದೇ ಪ್ರೋಗ್ರಾಮನ್ನು ಸೊಲಾರಿಸ್‌ನ ಟ್ರಸ್‌ನಲ್ಲೂ ಲಿನಕ್ಸ್‌ನ ಸ್ಟ್ರೇಸ್‌ನಲ್ಲೂ ಓಡಿಸಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಗಣಕವೇ ಇರಲಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಇದು ಕ್ಷುಲ್ಲಕವಾದ್ದರಿಂದ ಉತ್ತರಿಸುವುದಿಲ್ಲ. ಒಂದು ಕರೆಗೆ ಏಳು ದಿನವೇ ಎಂಬುದು ಎರಡನೆಯದು. ಸ್ಟ್ರೇಸ್ ಪ್ರತಿ ಕರೆಗೂ ಹೋಗುವಾಗೊಮ್ಮೆ ಬರುವಾಗೊಮ್ಮೆ ಪ್ರೋಗ್ರಾಮನ್ನು ತಡೆದು ನಿಲ್ಲಿಸುವುದರಿಂದ ಅದರ ಕಣ್ಣ ಕೆಳಗೆ ಎಲ್ಲವೂ ನಿಧಾನ. ಬರೆಯುವವರು ಇಲ್ಲದಿದ್ದರೆ ರಾಮಯ್ಯನ ತಲೆ ಮಧ್ಯಾಹ್ನದೊಳಗೆ ಬರುತ್ತಿತ್ತೋ ಏನೋ. ಮೂರನೆಯದು ತೂಕದ ಆಕ್ಷೇಪ: ಕಲ್ಲು ಗೆದ್ದವರದು, ಗೆದ್ದವರು ಕೆತ್ತಿಸಿದ್ದು ಜಾಡುಪಟ್ಟಿ ಹೇಗಾದೀತು? ಆಕ್ಷೇಪ ನ್ಯಾಯವಾದದ್ದೇ. ಆದರೆ ಜಾಡುಪಟ್ಟಿ ಎಂದೂ ಇಡೀ ಊರಿನ ಕಥೆಯಲ್ಲ, ಬೆನ್ನು ಹತ್ತಿದ ಒಬ್ಬನ ಬಾಗಿಲ ವ್ಯವಹಾರ ಮಾತ್ರ. ಗಂಟೆ ಎಷ್ಟೆಂದು ಕೇಳುವ ಕರೆಯನ್ನು ಲಿನಕ್ಸ್ ಬಹುಮಟ್ಟಿಗೆ ಬಾಗಿಲಿಗೆ ಬರದಂತೆ ಒಳಗೇ ತೀರಿಸಿಬಿಡುತ್ತದೆ, ಅದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಬಸದಿಯ ಕಡೆಯವರ ಬೆನ್ನಿಗೆ ಬೇರೆ ಲಿಪಿಕಾರ ಕೂತಿದ್ದರೆ ಆ ಪಟ್ಟಿ ಬೇರೆಯಿರುತ್ತಿತ್ತು. ಇದನ್ನು ಮರೆತು ಒಂದೇ ಕಲ್ಲಿನಿಂದ ಒಂದು ಯುಗವನ್ನು ಕಟ್ಟಿದ ಇತಿಹಾಸಕಾರನೂ, ಒಂದೇ ಪಟ್ಟಿ ನೋಡಿ ಸರ್ವರನ್ನು ಬೈದ ಇಂಜಿನಿಯರನೂ ದಾಯಾದಿಗಳು. ಮಕ್ಕಳ ಬೆನ್ನನ್ನೂ ಹತ್ತು ಎಂಬ ‘ಎಫ್’ ಗುರುತು ಹಾಕದೆ ಸ್ಟ್ರೇಸ್ ಓಡಿಸಿದರೆ ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರೆಂಬುದು ಅರ್ಧಕ್ಕೇ ಕಳೆದುಹೋಗುತ್ತದೆ. ಸರ್ವಜ್ಞನ ಹುಟ್ಟೂರು ಅಬಲೂರೋ ಮಾಸೂರೋ ಎಂಬ ವ್ಯಾಜ್ಯ ಇನ್ನೂ ಬಗೆಹರಿಯದಿರುವುದು ಆ ಗುರುತು ಬಿಟ್ಟುಹೋದದ್ದರಿಂದಲೇ ಎಂದು ನಮ್ಮ ಬಲವಾದ ಗುಮಾನಿ.

ಉಳಿದದ್ದು ಮರುಪ್ರಯೋಗದ ಪ್ರಶ್ನೆ. ಮತ್ತೊಮ್ಮೆ ಮಾಡಿ ತೋರಿಸಲಾಗದ ದೋಷವನ್ನು ಯಾವ ತಂತ್ರಜ್ಞನೂ ಒಪ್ಪುವುದಿಲ್ಲ. ಪ್ರತಿಪಕ್ಷದವರು ಬಿಜ್ಜಳನಲ್ಲಿ ದೂರಿತ್ತಾಗ ರಾಮಯ್ಯ ಪಂಥದ ಓಲೆಯನ್ನು ಮುಂದಿಟ್ಟು, ಬೇಕಾದರೆ ಈ ತಲೆಯನ್ನು ಇನ್ನೊಮ್ಮೆ ಅರಿಯುತ್ತೇನೆಂದು ಸಿದ್ಧನಾದನೆಂದು ಶಾಸನವೇ ಹೇಳುತ್ತದೆ. ದೂರು ಕೊಟ್ಟವರು ಒಪ್ಪಲಿಲ್ಲ. ಬಿಜ್ಜಳ ಜಯಪತ್ರ ಬರೆದುಕೊಟ್ಟು ದೂರಿನ ಕಡತ ಮುಚ್ಚಿದ.