ಯಾರ ಪೈಕಿ, ಯಾವೂರು, ಯಾವ ಬ್ರೌಸರು?

ನೆದರ್‌ಲೆಂಡ್ಸಿನ ವೆಲ್ಡ್‌ಹೋವನ್ನಿನಲ್ಲಿ ಸಂಜೆ ಆರರ ಹೊತ್ತಿಗೆ ಒಂದು ಸುತ್ತು ಹಾಕಿ ಬನ್ನಿ, ಅರ್ಧ ಊರಿನ ಊಟದ ತಟ್ಟೆ ನೋಡಿಕೊಂಡು ಬರಬಹುದು. ಹಾಲಿನ ಕಿಟಕಿ ಗೋಡೆಯಷ್ಟು ಅಗಲ, ಅದಕ್ಕೆ ಪರದೆ ಅನ್ನೋದಿಲ್ಲ. ಒಳಗೆ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುವ ಅಜ್ಜ, ಸೋಫಾದ ಮೇಲೆ ಬೆಕ್ಕು, ಕಿಟಕಿ ದಂಡೆಯಲ್ಲಿ ಎರಡು ಆರ್ಕಿಡ್ ಕುಂಡ. ನೋಡೋರು ನೋಡಲಿ, ನಮಗೇನು ಅನ್ನುವ ಭಾವ.

ಇಷ್ಟು ಬಿಚ್ಚುಮನಸ್ಸಿನ ಜನ ಅಂತ ಮೋಸ ಹೋಗಬೇಡಿ. 1971ರಲ್ಲಿ ಇವರ ಸರ್ಕಾರ ಜನಗಣತಿಗೆ ಬಂದಾಗ, ನಮ್ಮ ಮನೆ ವಿಷಯ ನಿಮಗ್ಯಾಕೆ ಅಂತ ದೊಡ್ಡ ಗಲಾಟೆ ಎಬ್ಬಿಸಿದರು. ಅದೇ ಕೊನೆ. ಆಮೇಲೆ ಮನೆಮನೆ ಬಾಗಿಲು ತಟ್ಟಿ ಲೆಕ್ಕ ಬರೆದುಕೊಳ್ಳುವ ಉಸಾಬರಿಗೆ ಈ ಸರ್ಕಾರ ಹೋಗಿಲ್ಲ. ಅವರ ಸಿಟ್ಟಿಗೆ ಕಾರಣವೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಂದು ಕೂತಾಗ ಪುರಸಭೆಗಳ ದಾಖಲೆ ಬಹಳ ಅಚ್ಚುಕಟ್ಟಾಗಿತ್ತು, ಯಾರ ಧರ್ಮ ಯಾವುದು ಅನ್ನೋದೂ ಅದರಲ್ಲಿತ್ತು. ಯಹೂದಿಗಳನ್ನು ಹುಡುಕಿ ಹಿಡಿಯೋಕೆ ಆ ಅಚ್ಚುಕಟ್ಟೇ ದಾರಿ ಮಾಡಿಕೊಟ್ಟಿತು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪಿನವರು ಪೊಲೀಸರ ವೇಷ ಹಾಕಿಕೊಂಡು ಆಮ್‌ಸ್ಟರ್‌ಡ್ಯಾಮಿನ ದಾಖಲೆ ಕಚೇರಿಗೆ ನುಗ್ಗಿ ಬೆಂಕಿ ಇಟ್ಟರು. ಅಂಥವರ ಮಕ್ಕಳು, ಮೊಮ್ಮಕ್ಕಳು ಇವರು. ಬೆಕ್ಕು ಕಂಡರೆ ಚಿಂತೆಯಿಲ್ಲ, ಪಟ್ಟಿ ಕಂಡರೆ ಆಗೋದಿಲ್ಲ. 2018ರಲ್ಲಿ ಗುಪ್ತಚರರಿಗೆ ಇಂಟರ್‌ನೆಟ್ ಜಾಲಾಡುವ ಹೊಸ ಅಧಿಕಾರ ಕೊಡೋ ಕಾನೂನಿನ ಮೇಲೆ ಜನಮತ ಕೇಳಿದಾಗಲೂ ಬೇಡ ಅಂದವರೇ ಹೆಚ್ಚು. ಸರ್ಕಾರ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಜಾರಿಗೆ ತಂದೇಬಿಟ್ಟಿತು, ಅದು ಬೇರೆ ಮಾತು. ಸರ್ಕಾರಗಳು ಎಲ್ಲ ಕಡೆ ಸರ್ಕಾರಗಳೇ.

ನಮ್ಮವರದು ಇದಕ್ಕೆ ಸರಿಯಾಗಿ ಉಲ್ಟಾ. ವೆಲ್ಡ್‌ಹೋವನ್ನಿಗೆ ಬಂದ ವಾರದೊಳಗೆ ಐಕಿಯಾದಿಂದ ದಪ್ಪ ಪರದೆ ಬರುತ್ತೆ. ಮೆಣಸಿನಕಾಯಿ ಒಗ್ಗರಣೆ ಘಾಟು ಒಂದನ್ನು ಬಿಟ್ಟು ಇನ್ನೇನೂ ಆಚೆ ಹೋಗಬಾರದು. ಪರದೆ ಎಳೆದು, ಚಿಲಕ ಹಾಕಿ, ಒಳಗೆ ಕೂತು ಮಗುವಿನ ನಾಮಕರಣ, ಹೊಸ ಕಾರಿನ ನಂಬರ್ ಪ್ಲೇಟು, ಸೊಂಟ ನೋವಿನ ಎಕ್ಸ್‌ರೇ ಎಲ್ಲವನ್ನೂ ಫೇಸ್‌ಬುಕ್ಕಿಗೆ ಏರಿಸ್ತೀವಿ.

ನಮ್ಮನೆಯವರಿಗೆ ಪ್ರೈವಸಿ ಹುಚ್ಚು ಹತ್ತಿದ್ದು ಅವರಿವರಿಂದಲ್ಲ, ಒಂದು ಪ್ರೆಶರ್ ಕುಕ್ಕರಿನಿಂದ. ನಾನು ಯಾವಾಗಲೋ ಐದು ಲೀಟರಿನ ಕುಕ್ಕರ್ ಹುಡುಕಿದ್ದೆ. ಅವತ್ತಿನಿಂದ ಅವರು ಕ್ರಿಕೆಟ್ ಸ್ಕೋರ್ ನೋಡಲಿ, ಹವಾಮಾನ ನೋಡಲಿ, ಪಕ್ಕದಲ್ಲಿ ಕುಕ್ಕರ್ ಬಂದು ಕೂರೋದು. "ಇದನ್ನ ಹೀಗೇ ಬಿಟ್ಟರೆ ಆಗಲ್ಲ ಕಣೇ" ಅಂತ ಭಾನುವಾರ ಬೆಳಗ್ಗೆ ದೋಸೆ ತಿಂದು, ಹಳೇ ಲ್ಯಾಪ್‌ಟಾಪ್ ಮುಂದೆ ಕೂತರು. ಆಫೀಸಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ, ಅಷ್ಟು ಬುದ್ಧಿ ಇದೆ. ಈ ಊರಿನ ಅರ್ಧ ಕನ್ನಡಿಗರ ಹಾಗೆ ಇವರದೂ ಏಎಸ್‌ಎಂಎಲ್ ಕೆಲಸ. ಚಿಪ್ಪಿನ ಮೇಲೆ 13.5 ನ್ಯಾನೋಮೀಟರ್ ಬೆಳಕಿನಲ್ಲಿ ಗೆರೆ ಕೊರೆಯೋ ಯಂತ್ರ ಮಾಡೋ ಕಂಪನಿ. ಅಂಥ ಕಡೆಯಿಂದ ಬಂದವರು ಮನೆಯಲ್ಲಿ ಹಾಕಿದ್ದು ಪ್ರಿವಾಕ್ಸಿ ಅನ್ನೋ ಒಂದು ಪುಟ್ಟ ಪ್ರೋಗ್ರಾಮು.

ಪ್ರಿವಾಕ್ಸಿ ಹೊಸದೇನಲ್ಲ. 1990ರ ದಶಕದಲ್ಲಿ ಜಂಕ್‌ಬಸ್ಟರ್ ಅಂತ ಒಂದಿತ್ತು. ಅದರ ಕೆಲಸ ನಿಂತ ಮೇಲೆ ಒಂದಷ್ಟು ಜನ ಸೇರಿ ಮುಂದುವರಿಸಿ ಈ ಹೆಸರಿಟ್ಟರು. 3.0 ಆವೃತ್ತಿ ಬಂದದ್ದು 2002ರಲ್ಲಿ. 2020ರಲ್ಲಿ ಅದು 3.0.29 ಆಗಿತ್ತು. ಹದಿನೆಂಟು ವರ್ಷಕ್ಕೆ ನಡುವಿನ ಸೊನ್ನೆ ಅಲುಗಾಡಲಿಲ್ಲ. ಇಷ್ಟು ನಿಧಾನದ ಸಾಫ್ಟ್‌ವೇರ್ ಮೇಲೆ ನನಗೇನೋ ಗೌರವ ಬಂತು.

ಅದು ಮಾಡೋದೇನು ಅಂತ ಕೇಳಿದೆ. ಅವರು ಅರ್ಧ ಗಂಟೆ ವಿವರಿಸಿದರು. ನನಗೆ ಅರ್ಥವಾದದ್ದು ಕನ್ನಡದವರ ಹಬ್ಬದೂಟಕ್ಕೆ ಹೋದಾಗ. ಪಂಕ್ತಿಯಲ್ಲಿ ಪಕ್ಕ ಕೂತ ಆಂಟಿ ಎಲೆ ಮೇಲೆ ಕೋಸಂಬರಿ ಬೀಳೋ ಮೊದಲೇ ಶುರು ಮಾಡಿದರು. "ಯಾವೂರು? ಹಾಸನವಾ? ಹಾಸನದಲ್ಲಿ ಎಲ್ಲಿ? ಓ, ಅರಕಲಗೂಡು! ಅಲ್ಲಿ ಯಾರ ಪೈಕಿ? ಇದಕ್ಕೆ ಮುಂಚೆ ಎಲ್ಲಿದ್ರಿ? ಜರ್ಮನೀನಾ? ಬಿಟ್ಟು ಬಂದಿದ್ಯಾಕೆ? ಹೋದ ಯುಗಾದಿಗೆ ಬಂದಿದ್ರಲ್ವಾ, ಇದೇ ಸೀರೆ ಉಟ್ಟಿದ್ರಿ. ಮನೆ ಸ್ವಂತದ್ದಾ? ಥರ್ಟಿ ಪರ್ಸೆಂಟ್ ರೂಲಿಂಗ್ ಇನ್ನೂ ಎಷ್ಟು ವರ್ಷ ಇದೆ?" ಆ ಕೊನೇ ಪ್ರಶ್ನೆ ನೆದರ್‌ಲೆಂಡ್ಸ್‌ನದೇ ವಿಶೇಷ. ಹೊರದೇಶದಿಂದ ಕರೆಸಿಕೊಂಡ ನೌಕರರಿಗೆ ಸಿಗೋ ತೆರಿಗೆ ರಿಯಾಯಿತಿ ಅದು. ಅದಕ್ಕೆ ಉತ್ತರ ಕೊಟ್ಟರೆ ಸಂಬಳ, ಬಂದ ವರ್ಷ, ಇನ್ನೆಷ್ಟು ದಿನ ಇರ್ತೀರಿ ಎಲ್ಲ ಲೆಕ್ಕ ಸಿಕ್ಕಂತೆ.

ಬ್ರೌಸರೂ ಇದೇ ಪಂಕ್ತಿಯಲ್ಲಿ ಕೂತಿದೆ. ವ್ಯತ್ಯಾಸ ಇಷ್ಟೇ: ಆಂಟಿ ಕೇಳಿದರೆ ನಾವು ಹೇಳ್ತೀವಿ, ಬ್ರೌಸರು ಕೇಳದಿದ್ದರೂ ಹೇಳುತ್ತೆ. ಯಾವ ಪುಟಕ್ಕೆ ಹೋದರೂ ಬಾಗಿಲಲ್ಲೇ ನಿಂತು, ನಾನು ಫೈರ್‌ಫಾಕ್ಸ್, ಲಿನಕ್ಸಿನವಳು, ಇಂಥ ಪುಟದಿಂದ ಎದ್ದು ಬಂದೆ, ಕನ್ನಡ ಗೊತ್ತು, ಹೋದ ಸಲ ಬಂದಾಗ ನೀವೇ ಕೊಟ್ಟಿದ್ದ ಕುಕೀ ಇದೋ ಇಲ್ಲಿದೆ ಅಂತ ಒಪ್ಪಿಸಿಬಿಡುತ್ತೆ. ಪ್ರಿವಾಕ್ಸಿ ಬ್ರೌಸರಿಗೂ ಪುಟಕ್ಕೂ ಮಧ್ಯೆ ಕೂತು ಆ ಬಾಯಿಬಡುಕಿಯ ಮಾತಿಗೆ ಕತ್ತರಿ ಹಾಕುತ್ತೆ. ಎಲ್ಲಿಂದ ಬಂದೆ ಅನ್ನೋದನ್ನ ಅಳಿಸುತ್ತೆ, ಕುಕೀ ಕಿತ್ತುಕೊಳ್ಳುತ್ತೆ, ಜಾಹೀರಾತಿನ ಚಿತ್ರ ಇದ್ದ ಕಡೆ ಒಂದು ಚೌಕುಳಿ ಅಂಟಿಸುತ್ತೆ.

ಹಾಕೋದು ಕಷ್ಟ ಅಲ್ಲ. ಕೆಲವು ಲಿನಕ್ಸಿನಲ್ಲಿ ಒಂದು ಸಾಲಿನ ಆಜ್ಞೆ, ತಾನೇ ಇಳಿದು ತಾನೇ ಶುರುವಾಗುತ್ತೆ. ವಿಂಡೋಸ್ ಆದರೆ ಕೈಯಾರೆ ಶುರು ಮಾಡಬೇಕಾಗಬಹುದು. ಆಮೇಲೆ ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ, ಇನ್ನು ಮೇಲೆ ಆಚೆ ಹೋಗೋದಿದ್ದರೆ 127.0.0.1 ವಿಳಾಸದ 8118ನೇ ಪೋರ್ಟಿನ ಮೂಲಕವೇ ಹೋಗು ಅಂತ ಬರೆಯಬೇಕು. 127.0.0.1 ಅಂದರೆ ಬೇರೆ ಯಾರೂ ಅಲ್ಲ, ಇದೇ ಕಂಪ್ಯೂಟರು. ನಮ್ಮನೆಯವರು ಬರೆದರು, ಎಂಟರ್ ಒತ್ತಿದರು. "ಪ್ರಾಕ್ಸಿ ಸರ್ವರ್ ಸಂಪರ್ಕವನ್ನು ನಿರಾಕರಿಸುತ್ತಿದೆ" ಅಂತ ಬಂತು. ಹವಾಮಾನವೂ ಇಲ್ಲ, ಕ್ರಿಕೆಟ್ಟೂ ಇಲ್ಲ, ಕುಕ್ಕರೂ ಇಲ್ಲ. ಪ್ರೈವಸಿ ಅಂದರೆ ಇದೇ ಇರಬೇಕು ಅಂದುಕೊಂಡೆ.

ಅವರು ಸುಮ್ಮನಿರಲಿಲ್ಲ. ಕಾನ್ಫಿಗ್ ಫೈಲ್ ತೆರೆದರು. ಅದು ಬಹುಪಾಲು ಟಿಪ್ಪಣಿಯೇ ಇರೋ ಫೈಲು, ಒಂದು ಸಾಲು ಆಜ್ಞೆಗೆ ಪುಟಗಟ್ಟಲೆ ಭಾಷ್ಯ. ಒಂದೊಂದು ಅಕ್ಷರ ತಿದ್ದಿದಾಗಲೂ ಕಂಪ್ಯೂಟರನ್ನೇ ಆರಿಸಿ ಹಚ್ಚಿದರು. ಹಾಗೆ ಮಾಡೋದೇ ಬೇಡ, ಫೈಲು ಬದಲಾದರೆ ಪ್ರಿವಾಕ್ಸಿ ತಾನೇ ಮತ್ತೆ ಓದಿಕೊಳ್ಳುತ್ತೆ ಅಂತ ಅದೇ ಭಾಷ್ಯದ ಜೊತೆಗಿನ ಕೈಪಿಡಿಯಲ್ಲಿದೆ. ಮಧ್ಯಾಹ್ನ ಅರಕಲಗೂಡಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದರು.

"ಏನೋ ಮಗಾ, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ?"

"ಯಾರೂ ನನ್ನ ನೋಡಬಾರದು ಅಂತ ಒಂದು ಕೆಲಸ ಮಾಡ್ತಿದ್ದೀನಮ್ಮ."

"ಅಯ್ಯೋ, ಫೋನ್ ನಾನೇ ಇಡ್ಲಾ?"

ನಾನು ಕಾಫಿ ಇಡೋಕೆ ಹೋದವಳು ಹೆಗಲ ಮೇಲಿಂದ ಬಗ್ಗಿ ನೋಡಿದೆ. ಬ್ರೌಸರಿನಲ್ಲಿ 8181 ಅಂತಿತ್ತು. "ರೀ, ಅದು 8118 ಅಲ್ವಾ?" ಅಂದೆ. ನ್ಯಾನೋಮೀಟರಿನವರು ಒಂದು ನಿಮಿಷ ಮಾತಾಡಲಿಲ್ಲ. ತಿದ್ದಿ, ವಿಳಾಸದ ಜಾಗದಲ್ಲಿ ಪಿ ಚುಕ್ಕಿ ಪಿ ಅಂತ ಒತ್ತಿದರು. ಪ್ರಿವಾಕ್ಸಿಯ ಸ್ವಂತ ಪುಟ ತೆರೆದುಕೊಂಡಿತು. ಅದು ಓಡ್ತಾ ಇದೆಯಾ ಅಂತ ನೋಡೋಕೆ ಅದೇ ಉಪಾಯ. ನಡುವೆ ಅದು ಇಲ್ಲದಿದ್ದರೆ ಆ ವಿಳಾಸ ಎಲ್ಲಿಗೂ ಹೋಗಲ್ಲ.

ಅಲ್ಲಿಂದ ಒಂದು ವಾರ ಅವರಿಗೆ ಫಿಲ್ಟರುಗಳದೇ ಆಟ. ಕುಣಿಯೋ ಚಿತ್ರಗಳನ್ನು ನಿಲ್ಲಿಸೋಕೆ ಒಂದು. ಮೈಕ್ರೋಸಾಫ್ಟಿನ ಸೊಟ್ಟ ಉದ್ಧರಣ ಚಿಹ್ನೆಗಳನ್ನು ನೆಟ್ಟಗೆ ಮಾಡೋಕೆ ಒಂದು, ಅದರ ಹೆಸರೇ ಡಿಮೊರನೈಸರ್. ಬರೀ ತಮಾಷೆಗೆ ಅಂತ ಪುಟದ ಪದಗಳನ್ನು ತಿರುಚಿ ತೋರಿಸೋಕೆ ಇನ್ನೊಂದು. ಬರೆದವರಿಗೂ ಭಾನುವಾರ ಬಹಳ ಬಿಡುವಿತ್ತು ಅಂತ ಕಾಣುತ್ತೆ. ಆದರೆ ಇಷ್ಟೆಲ್ಲ ಹಾಕಿದ ಮೇಲೂ ಕುಕ್ಕರ್ ಹೋಗಲಿಲ್ಲ! ಯಾಕಂದರೆ ಈಗ ಹೆಚ್ಚುಕಡಿಮೆ ಎಲ್ಲ ಪುಟಗಳೂ ಬೀಗಮುದ್ರೆ ಹಾಕಿಕೊಂಡೇ ಓಡಾಡೋದು. ಬೀಗದ ಚಿತ್ರ ಇದೆಯಲ್ಲ, ಎಚ್‌ಟಿಟಿಪಿಎಸ್, ಅದು. ಪ್ರಿವಾಕ್ಸಿಗೆ ಕಾಣೋದು ಹೊರಗಿನ ವಿಳಾಸ ಮಾತ್ರ, ಒಳಗಿನ ಮಾತು ಕೇಳಿಸಲ್ಲ. ಕೇಳದ ಮಾತಿಗೆ ಕತ್ತರಿ ಹಾಕೋದು ಹೇಗೆ? ಅದಕ್ಕೆಂದೇ ಆ 3.0.29ರಲ್ಲಿ ಮುದ್ರೆ ಒಡೆದು ಓದಿ ಮತ್ತೆ ಅಂಟಿಸೋ ಸೌಲಭ್ಯ ತಂದರು. ಆದರೆ ಅದಕ್ಕೆ ನಾವೇ ಒಂದು ಪ್ರಮಾಣಪತ್ರ ಮಾಡಿ, ಇದನ್ನ ನಂಬು ಅಂತ ಬ್ರೌಸರಿಗೆ ಹೇಳಬೇಕು. ಅಂದರೆ ನಿಮ್ಮ ಗುಟ್ಟು ಕಾಯೋಕೆ ಇಟ್ಟವನಿಗೆ ಮೊದಲು ನಿಮ್ಮ ಎಲ್ಲ ಗುಟ್ಟನ್ನೂ ಓದೋಕೆ ಕೊಡಬೇಕು. ಮಾಡಿದರು. ಬ್ಯಾಂಕಿನ ಪುಟವನ್ನು ಮಾತ್ರ ಅದರಿಂದ ಹೊರಗಿಡಿ ಅಂತ ನಾನೇ ಹಟ ಹಿಡಿದೆ. ಅವರ ಪ್ರೈವಸಿ ಏನಾದರೂ ಆಗಲಿ, ಬಾಡಿಗೆ ಕಟ್ಟೋದು ಅದರಲ್ಲೇ.

ಪ್ರೈವಸಿ ಅನ್ನೋದು ಬರೀ ಡಚ್ಚರ ಶೋಕಿ ಅಂತ ನಗುವವರಿಗೆ ಒಂದು ಮಾತು. ಭಾರತದಲ್ಲಿ ಇದನ್ನ ಮೂಲಭೂತ ಹಕ್ಕು ಮಾಡಿಸಿದ ಮೊಕದ್ದಮೆ ನಮ್ಮವರದೇ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಹೌದು, ಖಾಸಗಿತನ ಹಕ್ಕೇ ಅಂತ ಒಮ್ಮತದಿಂದ ಹೇಳಿತು. ಜಗತ್ತಿನ ಕಾನೂನು ಪುಸ್ತಕಗಳಲ್ಲಿ ಈಗ ಪುಟ್ಟಸ್ವಾಮಿ ಅಂದರೆ ಪ್ರೈವಸಿ. ನಾವು ಮಾತ್ರ ಛತ್ರದ ರೂಮಿಗೂ ಆಧಾರ್ ಜೆರಾಕ್ಸ್ ಹಂಚಿಕೊಂಡು, ಕೆಟ್ಟ ಪ್ರತಿಯನ್ನು ಜೆರಾಕ್ಸ್ ಅಂಗಡಿಯಲ್ಲೇ ಬಿಟ್ಟು ಬರ್ತೀವಿ.

ಇಲ್ಲಿಯವರೂ ಸುಮ್ಮನೆ ಗೆದ್ದವರಲ್ಲ. 2011ರಲ್ಲಿ ಕೆಪಿಎನ್ ಅನ್ನೋ ಇಲ್ಲಿನ ದೊಡ್ಡ ಟೆಲಿಫೋನ್ ಕಂಪನಿ, ವಾಟ್ಸಾಪ್ ಬಳಸೋರಿಗೆ ಬೇರೆ ದುಡ್ಡು ಹಾಕೋ ಯೋಚನೆ ಮಾಡಿತ್ತು, ಯಾರು ಬಳಸ್ತಾರೆ ಅಂತ ತಿಳಿಯೋಕೆ ಗಿರಾಕಿಗಳ ಡೇಟಾ ಹರಿವನ್ನೇ ಬಗೆದು ನೋಡಿದ್ದಾಗಿ ಒಪ್ಪಿಕೊಂಡಿತು. ಜನ ರೇಗಿದರು. ಮರುವರ್ಷವೇ, ನೆಟ್ಟಿನಲ್ಲಿ ಯಾವ ಸೇವೆಗೂ ಭೇದ ಮಾಡಬಾರದು ಅನ್ನೋ ನೆಟ್ ನ್ಯೂಟ್ರಾಲಿಟಿ ಕಾನೂನಾಯಿತು, ಯುರೋಪಿನಲ್ಲೇ ಮೊದಲು. ಬೆಳಗ್ಗೆ ಎದ್ದು ಗುಲಾಬಿ ಹೂವಿನ ಶುಭೋದಯ ಕಳಿಸೋ ನಮ್ಮ ಗುಂಪಿನವರು ಆ ಸಿಟ್ಟಿನ ಋಣದಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲ ಅಷ್ಟೇ.

ಹೋಗಲಿ, ನಮ್ಮ ಯೋಧರ ಕಥೆಗೆ ಬರೋಣ. ಎಲ್ಲ ಬಿಗಿ ಮಾಡಿದ ಮೇಲೆ, ನಾನೆಷ್ಟು ಅಡಗಿದ್ದೀನಿ ನೋಡೋಣ ಅಂತ ಬ್ರೌಸರಿನ ಗುರುತು ಅಳೆಯೋ ಒಂದು ಪರೀಕ್ಷೆ ಮಾಡಿಕೊಂಡರು. ಫಲಿತಾಂಶ: ಇವರಂಥ ಬ್ರೌಸರ್ ಇನ್ನೊಂದಿಲ್ಲ. ಇದರ ತಮಾಷೆಯೇ ಇದು. 2010ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಾಲ್ಕು ಲಕ್ಷ ಚಿಲ್ಲರೆ ಬ್ರೌಸರುಗಳನ್ನು ನೋಡಿ, ಅವುಗಳಲ್ಲಿ ಶೇಕಡಾ 83.6 ಒಂದರಂತೆ ಇನ್ನೊಂದಿಲ್ಲ ಅಂತ ಹೇಳಿತ್ತು. ಕುಕೀ ಬೇಡ, ಹೆಸರು ಬೇಡ. ಫಾಂಟು, ಪರದೆಯ ಅಳತೆ, ಭಾಷೆ ಇಂಥ ಸಣ್ಣಪುಟ್ಟ ವಿವರ ಸೇರಿದರೆ ಸಾಕು. ಇವರ ಲ್ಯಾಪ್‌ಟಾಪಿನಲ್ಲಿ ಮೂರು ನಾಲ್ಕು ಕನ್ನಡ ಫಾಂಟು. ಬ್ರೌಸರು ಹೋದಲ್ಲೆಲ್ಲ ನನಗೆ ಕನ್ನಡ ಇಷ್ಟ ಅಂತ ಹೇಳ್ತಾ ಇದೆ. ಎಲ್ಲರೂ ಹೇಳೋ ಮಾತನ್ನ ಇದೊಂದು ಹೇಳದೆ ಬಾಯಿ ಮುಚ್ಚಿಕೊಂಡಿದೆ, ಅದೂ ಒಂದು ಗುರುತೇ. ವೆಲ್ಡ್‌ಹೋವನ್ನಿನಲ್ಲಿ ಕುಕೀ ಕಿತ್ತುಹಾಕಿ, ಎಲ್ಲಿಂದ ಬಂದೆ ಅಂತ ಹೇಳದೆ, ಕನ್ನಡದಲ್ಲಿ ಪುಟ ಕೇಳೋ ಆಸಾಮಿ ಎಷ್ಟು ಜನ ಇದ್ದಾರು? ಹಬ್ಬದೂಟದಲ್ಲಿ ಏನು ಕೇಳಿದರೂ ಬಾಯಿ ಬಿಡದೆ ಕೂತ ಹೆಂಗಸನ್ನು ಆಂಟಿಯರು ವರ್ಷಗಟ್ಟಲೆ ಮರೆಯೋದಿಲ್ಲ. ನನ್ನಂತೆ ಊರು, ಪೈಕಿ, ಬಾಡಿಗೆ ಎಲ್ಲ ಒದರಿದವಳ ಹೆಸರು ಹೋಳಿಗೆ ಬರೋದರೊಳಗೆ ಮರೆತುಹೋಗುತ್ತೆ.

ಇವರು ಸೋಲೊಪ್ಪುವವರಲ್ಲ. ಪ್ರಿವಾಕ್ಸಿಯಲ್ಲಿ ಭಾಷೆಯನ್ನೂ ಬದಲಿಸಿ ಕಳಿಸೋ ಆಜ್ಞೆ ಇದೆ. "ಡಚ್ ಅಂತ ಹಾಕಿಬಿಡ್ತೀನಿ. ಊರೆಲ್ಲ ಡಚ್ಚೇ, ಗುಂಪಿನಲ್ಲಿ ಗೋವಿಂದ" ಅಂದರು. ಹಾಕಿದರು. ಅವತ್ತಿನಿಂದ ಲ್ಯಾಪ್‌ಟಾಪಿನಲ್ಲಿ ವಿಮೆ, ವಿದ್ಯುತ್ ಬಿಲ್ಲು, ವಿಮಾನದ ಟಿಕೆಟ್ಟು ಎಲ್ಲ ಡಚ್ಚಿನಲ್ಲೇ ತೆರೆದುಕೊಳ್ಳುತ್ತೆ. ಇವರ ಡಚ್ಚೋ, ಅಂಗಡಿಯಲ್ಲಿ ಚೀಲ ಬೇಡ ಅನ್ನೋವರೆಗೆ ಮಾತ್ರ. ಹಾಗಾಗಿ ಈಗ ನಮ್ಮನೆಯವರು ಪರದೆ ಎಳೆದು, ಪ್ರಾಕ್ಸಿ ಓಡ್ತಾ ಇದೆಯಾ ಅಂತ ಪಿ ಚುಕ್ಕಿ ಪಿ ಒತ್ತಿ ನೋಡಿಕೊಂಡು, ವಿಮೆಯ ಪುಟ ತೆರೆದು, ಜೇಬಿನಿಂದ ಫೋನ್ ತೆಗೆದು ಆ ಪುಟದ ಫೋಟೋ ಹೊಡೆದು, ಹೆಸರು, ಹುಟ್ಟಿದ ದಿನ, ಪಾಲಿಸಿ ನಂಬರಿನ ಸಮೇತ ಗೂಗಲ್‌ಗೆ ಕೊಟ್ಟು, ಇದನ್ನ ಸ್ವಲ್ಪ ಇಂಗ್ಲಿಷಿನಲ್ಲಿ ಓದಿ ಹೇಳಪ್ಪ ಅಂತಾರೆ.