ಊಟದ ಸಿಲಬಸ್

ಓಲ್ಡ್ ರಾಜಿಂದರ್ ನಗರದಲ್ಲಿ ಪ್ಲ್ಯಾನ್ ಇಲ್ಲದೆ ಯಾರೂ ಹಲ್ಲು ಸಹ ಉಜ್ಜುವುದಿಲ್ಲ. ದೇಶ ಇಬ್ಭಾಗವಾದಾಗ ಆ ಕಡೆಯಿಂದ ಬಂದ ನಿರಾಶ್ರಿತರು ನೆಲೆ ಕಂಡುಕೊಂಡ, ಬಾಬು ರಾಜೇಂದ್ರ ಪ್ರಸಾದರ ಹೆಸರಿಟ್ಟುಕೊಂಡ ಬಡಾವಣೆ ಇದು. ಈಗ ಐಎಎಸ್ ಆಕಾಂಕ್ಷಿಗಳ ದಂಡು ಇಲ್ಲಿ ಬೀಡುಬಿಟ್ಟಿದೆ. ತಲೆಯೆತ್ತಿದರೆ ಆಕಾಶಕ್ಕೆ ಬದಲು ಕರೆಂಟು ವೈರು, ಗೋಡೆ ನೋಡಿದರೆ ಸುಣ್ಣಕ್ಕೆ ಬದಲು ಟಾಪರುಗಳ ಫೋಟೋ. ನೂರು ದಿನದ ಪ್ಲ್ಯಾನ್, ಅರವತ್ತು ದಿನದ ಪ್ಲ್ಯಾನ್, ಕೊನೇ ಹದಿನೈದು ದಿನದ ಪ್ಲ್ಯಾನ್, ಎಲ್ಲವೂ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಆಗಿ ಸಿಗುತ್ತವೆ. ಇಂಥ ಜಾಗದಲ್ಲಿ ವರ್ಷಗಟ್ಟಲೆ ಕೂತು ಓದಿದ ಮಕ್ಕಳು ರೈಲು ಹತ್ತಿ ಊರಿಗೆ ಹೊರಟರೆ ಬುತ್ತಿಯನ್ನು ಸುಮ್ಮನೆ ಕಟ್ಟಿಕೊಂಡು ಹೋಗುತ್ತಾರೆಯೇ?

ನಾನು ಪರೀಕ್ಷೆ ಬರೆಯಲು ಬಂದವಳಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಫೈಲು ತಳ್ಳುವವಳು, ಇದೇ ಗಲ್ಲಿಯಲ್ಲಿ ಬಾಡಿಗೆಗಿದ್ದೇನೆ. ಮೇಲಿನ ಮಹಡಿಯ ಪಿಜಿಯಲ್ಲಿ ಕನ್ನಡದ ಹುಡುಗರು, ಎದುರು ಮನೆಯಲ್ಲಿ ಹುಡುಗಿಯರು. ಡಬ್ಬಾದವನ ಸೋರೆಕಾಯಿ, ರಾಜ್ಮಾ, ಮತ್ತೆ ಸೋರೆಕಾಯಿ ತಿಂದು ಬೇಸತ್ತ ಇವರು ನನ್ನ ಮನೆಯ ಸಾಸಿವೆ ಸಿಡಿದ ವಾಸನೆ ಹಿಡಿದೇ ಒಬ್ಬೊಬ್ಬರಾಗಿ ಬಂದವರು. ಬಂದವರೆಲ್ಲ ನನ್ನನ್ನು ಅಕ್ಕ ಎಂದರು. ಅವರವರಲ್ಲಿ ಮಾತ್ರ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ, ಊರು ಹಿಡಿದೇ ಕರೆಯುವುದು: ದಾವಣಗೆರೆ, ಮಂಡ್ಯ, ಕಲಬುರಗಿ, ಕೋಲಾರ. ಹುಡುಗಿಯರಲ್ಲಿ ಒಬ್ಬಳು ಶಿರಸಿ, ಇನ್ನೊಬ್ಬಳು ಮಂಗಳೂರು.

ಮೇನ್ಸ್ ಮುಗಿದಿತ್ತು, ದಸರಾ ಹತ್ತಿರ ಬಂದಿತ್ತು. ಅವರೆಲ್ಲರೂ, ಜೊತೆಗೆ ನಾನೂ, ದಾರಿಯಲ್ಲಿ ಊರು ನೋಡುತ್ತ ಮೈಸೂರಿಗೆ ಹೋಗುವುದೆಂದು ನಿಶ್ಚಯವಾಯಿತು. ಬೆಳಗಿನ ಶತಾಬ್ದಿಯಲ್ಲಿ ಝಾನ್ಸಿಗೆ ಹೋಗಿ ಓರ್ಛಾ ನೋಡುವುದು, ಭೋಪಾಲಕ್ಕೆ ಹೋಗಿ ಸಾಂಚಿ ನೋಡುವುದು, ಅಲ್ಲಿ ನಸುಕಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು, ಅಲ್ಲಿಂದ ಮೈಸೂರು. ಒಂದೇ ಟಿಕೆಟ್ ತೆಗೆದು ನಡುವೆ ಇಳಿಯಬಹುದಲ್ಲ ಎಂದು ನಾನು ಕೇಳಿದ್ದೇ ತಡ, ಭೂಗೋಳ ಆಪ್ಷನಲ್ ತೆಗೆದುಕೊಂಡಿದ್ದ ಶಿರಸಿ ನಿಯಮ ಒಪ್ಪಿಸಿದಳು: ಬ್ರೇಕ್ ಜರ್ನಿಗೆ ಮೊದಲು 500 ಕಿ.ಮೀ. ದಾಟಿರಬೇಕು, ಝಾನ್ಸಿಗೆ ನಾನೂರು ಚಿಲ್ಲರೆ ಅಷ್ಟೇ. ಮೇಲಾಗಿ ಶತಾಬ್ದಿಗೆ ಆ ಸವಲತ್ತೇ ಇಲ್ಲ. ಬಿಡಿ ಬಿಡಿ ಟಿಕೆಟ್ಟೇ ತೆಗೆದದ್ದಾಯಿತು. ಅದು ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದ ಕೆಲಸ. ಊಟದ ಚರ್ಚೆ ಶುರುವಾದದ್ದು ಆಮೇಲೆ.

ದಾವಣಗೆರೆಯದು ಪಬ್ಲಿಕ್ ಅಡ್ಮಿನಿಸ್ಟ್ರೇಷನ್. ಅವನು ಮೊದಲ ಸಭೆಯಲ್ಲೇ ಒಂದು ಊಟದ ಸಮಿತಿ, ಅದರ ಕೆಳಗೆ ಕುರುಕಲು ತಿಂಡಿಯ ಉಪಸಮಿತಿ ಮಾಡಿದ. ನನ್ನನ್ನು ಖಜಾಂಚಿ ಮಾಡಿದರು. ಸಂಬಳ ಬರುವವಳು ನಾನೊಬ್ಬಳೇ ಎಂಬುದೇ ಅರ್ಹತೆ. ಶಿರಸಿ ಗೋಡೆಗೆ ನಕ್ಷೆ ಅಂಟಿಸಿ ಇಟಾರ್ಸಿ, ಖಂಡ್ವಾ, ಭುಸಾವಳ, ಮನ್ಮಾಡ್, ದೌಂಡ್, ಸೋಲಾಪುರ ಎಂದು ಗುಂಡುಸೂಜಿ ಚುಚ್ಚಿದಳು. ಕೋಲಾರ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಹುಡುಕುವ ಹಾಗೆ ಸೀನಿಯರುಗಳಿಗೆ ಫೋನ್ ಮಾಡಿ, ಯಾವ ಸ್ಟೇಷನ್ನಿನಲ್ಲಿ ಯಾರು ಏನು ತಿಂದು ಏನಾದರು ಎಂಬ ವರದಿ ತಯಾರಿಸಿದ. ಕನ್ನಡ ಸಾಹಿತ್ಯ ಆಪ್ಷನಲ್‌ನ ಮಂಡ್ಯ ದಿವಾನದ ಮೇಲೆ ಕಾಲು ಚಾಚಿ, "ನೀವೇನಾರ ಮಾಡ್ಕಳಿ, ಮದ್ದೂರು ಬಂದಾಗ ಎಬ್ಸಿ" ಎಂದು ಕಣ್ಣು ಮುಚ್ಚಿದ.

ಚರ್ಚೆ ನಡೆದದ್ದು ಅವರಿಗೆ ಗೊತ್ತಿದ್ದ ಒಂದೇ ಧಾಟಿಯಲ್ಲಿ. "ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ. ಒಂದು: ಮೊಸರನ್ನ ಭೋಪಾಲದವರೆಗೆ ತಾಳುತ್ತದೆ. ಎರಡು: ಪುಳಿಯೋಗರೆ ಬೆಂಗಳೂರಿನವರೆಗೆ ತಾಳುತ್ತದೆ. ಇವುಗಳಲ್ಲಿ ಯಾವುದು ಸರಿ?" ಸಭೆ ಒಕ್ಕೊರಲಿನಿಂದ "ಎರಡು ಮಾತ್ರ" ಎಂದಿತು. ಇಲ್ಲಿ ನಾನು ತಡೆದೆ. ಮೊಸರನ್ನದ ಮೇಲೆ ಈ ಅಪವಾದ ನನಗೆ ಸಹಿಸದು. ಪ್ರಯಾಣದ ಮೊಸರನ್ನಕ್ಕೆ ಮೊಸರು ಹಾಕುವವರೇ ಕೆಡಿಸುವವರು. ಅನ್ನ ಮೆತ್ತಗೆ ಬೇಯಬೇಕು, ಬಿಸಿಯಲ್ಲೇ ಮಸೆಯಬೇಕು, ಕಾಸಿದ ಹಾಲು ಧಾರಾಳವಾಗಿ ಸುರಿದು ಉಗುರುಬೆಚ್ಚಗಾದ ಮೇಲೆ ಹೆಪ್ಪಿಗೆಂದು ಒಂದು ಚಮಚ ಮೊಸರು ಕಲಸಬೇಕು. ಅನ್ನ ಡಬ್ಬಿಯೊಳಗೇ, ರೈಲಿನ ತೊಟ್ಟಿಲಲ್ಲೇ ಹೆಪ್ಪುಗಟ್ಟಿ ಊಟದ ಹೊತ್ತಿಗೆ ಹದಕ್ಕೆ ಬರುತ್ತದೆ. ಒಗ್ಗರಣೆಗೆ ಇಂಗು, ಶುಂಠಿ ಸರಿ. ಈರುಳ್ಳಿ, ಸೌತೆಕಾಯಿ ಹಾಕಿದರೆ ನೀರೊಡೆಯುತ್ತದೆ. ಆದರೂ ದೆಹಲಿಯ ಸೆಪ್ಟೆಂಬರ್ ಸೆಕೆಯಲ್ಲಿ ಇದು ಒಂದು ಹೊತ್ತಿನ ಸರಕೇ. ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ಓರ್ಛಾದಲ್ಲಿ ತಿಂದು ಮುಗಿಸಬೇಕು. ಇಷ್ಟನ್ನೂ ಕೇಳಿದ ದಾವಣಗೆರೆ, "ಅಕ್ಕಾ, ಮೈಕ್ರೋಬ್ಸ್, ಪ್ರಿಲಿಮ್ಸ್‌ಗೆ ಬರಬಹುದು" ಎಂದು ಬರೆದುಕೊಂಡ. ಅವನಿಗೆ ಎಲ್ಲವೂ ಪ್ರಿಲಿಮ್ಸ್‌ಗೆ ಬರಬಹುದಾದ್ದೇ. ರೈಲ್ ನೀರ್ ಕುಡಿಯೋಣ ಎಂದರೆ ಅದರ ಮೊದಲ ಘಟಕ 2003ರಲ್ಲಿ ಇಲ್ಲೇ ನಾಂಗ್ಲೋಯಿಯಲ್ಲಿ ಶುರುವಾಯಿತು ಎನ್ನುತ್ತಾನೆ, ಬಾಟಲಿಯ ಮುಚ್ಚಳ ಮಾತ್ರ ತೆಗೆಯುವುದಿಲ್ಲ.

ಮಂಗಳೂರು ತಂದ ಪ್ರಸ್ತಾಪ ದೊಡ್ಡ ಗಲಾಟೆಯನ್ನೇ ಎಬ್ಬಿಸಿತು. "ಒಣ ಸೀಗಡಿ ಚಟ್ನಿಗೆ ಎಂಥ ತೊಂದರೆ ಮಾರಾಯ್ರೆ? ಕೆಡುವುದಿಲ್ಲ, ಚೆಲ್ಲುವುದಿಲ್ಲ, ಗಂಜಿಗೂ ಆಗ್ತದೆ, ಚಪಾತಿಗೂ ಆಗ್ತದೆ." ತರ್ಕದಲ್ಲಿ ಲೋಪವಿರಲಿಲ್ಲ. ಲೋಪ ಇದ್ದದ್ದು ಕಿಟಕಿ ತೆರೆಯಲಾಗದ ಎಸಿ ಬೋಗಿಯಲ್ಲಿ. ಅದೂ ನವರಾತ್ರಿ, ದೆಹಲಿಯ ಎಷ್ಟೋ ಢಾಬಾಗಳು ಈರುಳ್ಳಿ ಬೆಳ್ಳುಳ್ಳಿಯನ್ನೇ ಕೆಳಗಿಟ್ಟು, ಡಬ್ಬಾದವನೂ ಕುಟ್ಟು ಹಿಟ್ಟಿನ ಪೂರಿ, ಸಾಬೂದಾನಿ ಎನ್ನುತ್ತಿದ್ದ ಕಾಲ. ಎದುರು ಬರ್ತಿನಲ್ಲಿ ಉಪವಾಸದ ಅಜ್ಜಿ ಕೂತಿದ್ದರೆ? ಮತಕ್ಕೆ ಹಾಕಿ ಸೀಗಡಿಯನ್ನು ಸೋಲಿಸಿದರು. "ಬಹುಮತ ಅಂದ್ರೆ ನ್ಯಾಯ ಅಲ್ಲ" ಎಂದು ಅವಳು ಹೇಳಿದ್ದನ್ನು ದಾವಣಗೆರೆ ಎಥಿಕ್ಸ್ ಪೇಪರಿಗೆಂದು ಬರೆದುಕೊಂಡ.

ಈ ಗದ್ದಲದಲ್ಲಿ ಬಾಯಿ ಬಿಡದೆ ಕೂತವನು ಕಲಬುರಗಿ. ಏನು ತರುತ್ತೀಯೋ ಎಂದರೆ "ನಂದೇನದ ಅಕ್ಕಾ, ಎಲ್ಲಾರು ಮಾಡಿದ್ದೇ ನಂದು" ಎಂದ. ಕೊನೆಗೆ ತೀರ್ಮಾನವಾದ ಪಟ್ಟಿ: ನನ್ನ ಕಡೆಯಿಂದ ಮೊಸರನ್ನ ಮತ್ತು ಕೊಬ್ಬರಿ ಹಾಕದ ಪುಳಿಯೋಗರೆ ಗೊಜ್ಜು, ಹಾಲಿನಲ್ಲಿ ಕಲಸಿದ ಚಪಾತಿ, ದಾವಣಗೆರೆಯ ಚೀಲದ ತುಂಬ ಮಂಡಕ್ಕಿ, ಉಳಿದದ್ದಕ್ಕೆ ಮೊಬೈಲಿನಲ್ಲೇ ಆರ್ಡರ್. ಪಿಎನ್ಆರ್ ನಂಬರ್ ಒತ್ತಿದರೆ ಮುಂದಿನ ಸ್ಟೇಷನ್ನಿನ ಹೋಟೆಲುಗಳು ತೆರೆದುಕೊಳ್ಳುತ್ತವೆ, ಊಟ ಸೀಟಿಗೇ ಬರುತ್ತದೆ.

ಶತಾಬ್ದಿ ಹೊತ್ತಿಗೆ ಸರಿಯಾಗಿ ಹೊರಟಿತು. ಆ ರೈಲಿನ ಟಿಕೆಟ್ ತೆಗೆಯುವಾಗ ಊಟ ಬೇಡ ಎಂದರೆ ಅಷ್ಟು ದುಡ್ಡು ಕಡಿಮೆ. ಕೋಲಾರ ಬೇಡ ಎಂದು ಒತ್ತಿ ಉಳಿತಾಯ ಮಾಡಿದ್ದ. ಆಗ್ರಾ ಬರುವಷ್ಟರಲ್ಲಿ ನಮ್ಮೆಲ್ಲರ ಟ್ರೇಯಿಂದ ಒಂದೊಂದು ಕಟ್ಲೆಟ್ ಎತ್ತಿ, ದುಡ್ಡು ಕೊಟ್ಟವರಿಗಿಂತ ಹೆಚ್ಚೇ ತಿಂದ. ಓರ್ಛಾದಲ್ಲಿ ಬೇತ್ವಾ ನದಿಯ ದಂಡೆಯಲ್ಲಿ ಕೂತು ಡಬ್ಬಿ ತೆರೆದಾಗ ಮೊಸರನ್ನ ಹದವಾಗಿ ಹೆಪ್ಪುಗಟ್ಟಿತ್ತು, ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಭೋಪಾಲದ ಬೆಳಗಿನ ತಿಂಡಿ ಅವಲಕ್ಕಿ ಮತ್ತು ಜಿಲೇಬಿ, ಎರಡೂ ಒಟ್ಟಿಗೆ. ಅವಲಕ್ಕಿಗೆ ಜಿಲೇಬಿ ನೆಂಚಿಕೊಳ್ಳುವುದನ್ನು ನೋಡಿ ಶಿರಸಿ ಮುಖ ಕಿವುಚಿದಳು, ಆಮೇಲೆ ಇನ್ನೊಂದು ತಟ್ಟೆ ಹೇಳಿದಳು.

ಪ್ಲ್ಯಾನ್ ಕೈಕೊಟ್ಟದ್ದು ಹಳಬರು ಈಗಲೂ ಕೆಕೆ ಎಂದೇ ಕರೆಯುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ. ದೆಹಲಿಯಿಂದ ಬೆಂಗಳೂರಿಗೆ ಸುಮಾರು 2400 ಕಿ.ಮೀ.; ಅಷ್ಟು ದೂರದ ರೈಲು ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುವುದು ಸಹಜ. ಅವತ್ತು ಖಂಡ್ವಾದ ಆಚೀಚೆ ನಿಂತೇಬಿಟ್ಟಿತು. ಮಧ್ಯಾಹ್ನದ ಊಟ ಭುಸಾವಳಕ್ಕೆ ಹೇಳಿಯಾಗಿತ್ತು, ಹೊಟ್ಟೆಗಳು ರೈಲಿನ ಸಮಯ ಕೇಳುವುದಿಲ್ಲ. ಮೊದಲು ಮಂಡಕ್ಕಿ ಚೀಲ ಬಿಚ್ಚಿದರು. ಬೋಗಿಗೆ ಬಂದ ಬಾಳೆಹಣ್ಣಿನವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಆಮೇಲೆ ಪುಳಿಯೋಗರೆ, ಅದೂ ರಾತ್ರಿಗೆಂದು ಇಟ್ಟದ್ದು. ಎಲ್ಲರೂ ತೇಗಿ ಮೇಲಿನ ಬರ್ತು ಹತ್ತುವಾಗ ಭುಸಾವಳ ಬಂತು. ಏಳು ಥಾಲಿಗಳನ್ನು ಎದೆಗವಚಿಕೊಂಡ ಹುಡುಗನೊಬ್ಬ ಬೇರೆ ಬೋಗಿಗೆಲ್ಲ ಹೋಗಿ ನಮ್ಮಲ್ಲಿಗೆ ಏದುಸಿರು ಬಿಡುತ್ತ ಬಂದ. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಪಕ್ಕದಲ್ಲಿ ರಜೆಗೆ ಹೊರಟ ಜವಾನರಿಬ್ಬರಿದ್ದರು, ಅವರು ನಾಲ್ಕು ಥಾಲಿಗೆ ನ್ಯಾಯ ಒದಗಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಜನರಲ್ ಬೋಗಿಯ ಎದುರು 20 ರೂಪಾಯಿಗೆ ಏಳು ಪೂರಿ, ಆಲೂ ಪಲ್ಯ, ಉಪ್ಪಿನಕಾಯಿಯ ಪೊಟ್ಟಣ ಮಾರುತ್ತಾರೆ. "ನಾವು ಏಳು ಜನ, ಏಳು ಪೂರಿ, ಇಪ್ಪತ್ತು ರೂಪಾಯಲ್ಲಿ ಮುಗಿಯುತ್ತಿತ್ತು" ಎಂದು ಲೆಕ್ಕ ಹಾಕಿದ ಕೋಲಾರವನ್ನು ಮಂಗಳೂರು ನೋಡಿದ ನೋಟ ಸೀಗಡಿಯ ಸೇಡಿನದು.

ರಾತ್ರಿ ಊಟ ಹೀಗೆ ಮಧ್ಯಾಹ್ನವೇ ಮುಗಿದಿತ್ತು. ದೌಂಡ್ ದಾಟಿದ ಮೇಲೆ ಹಸಿವು ಮತ್ತೆ ಬಂತು. ಪ್ಯಾಂಟ್ರಿಯವನು ಬಿರಿಯಾನಿ ಖಾಲಿ ಎಂದ. ಬಿಸ್ಕತ್ತು ಹಂಚಿಕೊಂಡು, ಯಾರ ಉಪಸಮಿತಿಯದು ತಪ್ಪು ಎಂದು ವಾದಿಸುತ್ತ ನಿದ್ದೆ ಹೋದೆವು.

ನಡುರಾತ್ರಿ ಕಲಬುರಗಿ. ನಮ್ಮ ಹುಡುಗ ಊರಿನಲ್ಲಿ ಇಳಿಯುವವನಲ್ಲ, ಮೊದಲು ಮೈಸೂರು ನೋಡಿ ಆಮೇಲೆ ಮನೆಗೆ ಎಂದಿದ್ದ. ರೈಲು ನಿಲ್ಲುವ ಮೊದಲೇ ಅವನು ಬಾಗಿಲಲ್ಲಿದ್ದ. ಪ್ಲಾಟ್‌ಫಾರ್ಮಿನಲ್ಲಿ ಅವ್ವ, ಅಪ್ಪ, ಕಾಕಾ, ನಿದ್ದೆಗಣ್ಣಿನ ತಂಗಿ. ನಿಲ್ಲುವುದು ಕೆಲವೇ ನಿಮಿಷ. ಅವ್ವ ಬೈಗುಳದಿಂದಲೇ ಶುರು ಮಾಡಿದರು: "ಊರ ಮ್ಯಾಲಿಂದ ಹೊಂಟಾನ, ಮನಿಗಿ ಬರಂಗಿಲ್ಲಂತ. ಸೊರಗಿ ಕಡ್ಡಿ ಆಗ್ಯಾನ." ಬೈಯುತ್ತಲೇ ಚೀಲದ ಮೇಲೆ ಚೀಲ ಒಳಗೆ ದಾಟಿಸಿದರು. ನನ್ನನ್ನು ಕಂಡು, "ನೀವs ಏನ್ರಿ ಅಕ್ಕ ಅನ್ನವ್ರು? ರೊಟ್ಟಿ ಐವತ್ತ ಅವರಿ, ಸಾಕಾಗ್ತಾವಿಲ್ಲ?" ಎಂದು ಕೇಳಿದರು. ಉತ್ತರ ಹೇಳುವಷ್ಟರಲ್ಲಿ ರೈಲು ಹೊರಟಿತು.

ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ್ದು. ಬೆರಳಿಟ್ಟರೆ ಚಟ್ ಎಂದು ಮುರಿಯುತ್ತಿತ್ತು. ಸ್ಟೀಲ್ ಡಬ್ಬಿಯಲ್ಲಿ ಎಣ್ಣೆ ತೇಲುವ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಾಗದದಲ್ಲಿ ಶೇಂಗಾ ಹೋಳಿಗೆ. ನೀಲಿ ದೀಪದ ಬೆಳಕಿನಲ್ಲಿ ಏಳು ಜನ ಸೇರಿ ಮುರಿದ ಸದ್ದಿಗೆ ಜವಾನರು ಎದ್ದರು. ಎದ್ದ ಮೇಲೆ ಅವರೂ ಕೂತರು. ಮದ್ದೂರಿಗೆ ಮೊದಲು ಕಣ್ಣು ತೆರೆಯೆನೆಂದಿದ್ದ ಮಂಡ್ಯ ಎಲ್ಲರಿಗಿಂತ ಮೊದಲು ಎದ್ದಿದ್ದ. ಊಟದ ಸಮಿತಿಯ ಹಾಳೆಯಲ್ಲಿ ಆ ಹೊತ್ತಿನ ಎದುರು "ನಿದ್ರೆ" ಎಂದು ಬರೆದಿತ್ತು. ನಿನ್ನ ಮನೆಯವರು ಬರುತ್ತಾರೆಂದು ಮೊದಲೇ ಯಾಕೆ ಹೇಳಲಿಲ್ಲವೋ ಎಂದರೆ ಕಲಬುರಗಿ, "ಹೇಳಿದ್ರ ಅದಕ್ಕೊಂದು ಕಮಿಟಿ ಮಾಡ್ತಿದ್ರಿ" ಎಂದ.

ಮುಂದಿನದು ಚುಟುಕಾಗಿ. ಬೆಂಗಳೂರಿನಿಂದ ಮೈಸೂರಿಗೆ ಬೇಗ ಮುಟ್ಟಿಸುವ ರೈಲುಗಳನ್ನು ಮಂಡ್ಯ ಒಂದೊಂದಾಗಿ ತಳ್ಳಿಹಾಕಿ, ಮದ್ದೂರಿನಲ್ಲಿ ನಿಲ್ಲುವುದನ್ನೇ ಹತ್ತಿಸಿದ. 1917ರಲ್ಲಿ ರೈಲಿನವರಿಗೆ ಪಕೋಡ ಮಾಡಲು ಹೊತ್ತು ಸಾಲದೆ ಅದೇ ಹಿಟ್ಟನ್ನು ತಟ್ಟಿ ಕರಿದದ್ದರಿಂದ ಮದ್ದೂರು ವಡೆ ಹುಟ್ಟಿತೆಂಬ ಕಥೆಯನ್ನು ದಾರಿಯುದ್ದಕ್ಕೂ ಹೇಳಿದ. ದಾವಣಗೆರೆ ಬರೆದುಕೊಂಡ. ವಡೆ ಸಿಕ್ಕಿತು, ಗರಿಗರಿಯಾಗಿಯೇ ಇತ್ತು. ಲೆಕ್ಕ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ: ಕೋಲಾರ ತಾನು ಚಹಾ ಕುಡಿಯಲೇ ಇಲ್ಲ ಎನ್ನುತ್ತಾನೆ, ಅವನ ಹೆಸರಿನಲ್ಲಿ ನನ್ನ ಪುಸ್ತಕದಲ್ಲಿ ಒಂಬತ್ತು ಚಹಾ ಇವೆ.

ಗುಂಪು ಕಟ್ಟಿಕೊಂಡು ಈ ದಾರಿಯಲ್ಲಿ ಬರುವವರಿಗೆ ನನ್ನದಿಷ್ಟು ಮಾತು. ಮೊದಲ ಹೊತ್ತಿಗೆ ಮೊಸರನ್ನ, ಎರಡನೆಯ ಹೊತ್ತಿಗೆ ಪುಳಿಯೋಗರೆ, ನಡುವೆ ಮಂಡಕ್ಕಿ. ರೈಲು ಎರಡು ಗಂಟೆ ತಡವಾಗುತ್ತದೆಂದೇ ಎಣಿಸಿ ಆರ್ಡರ್ ಕೊಡಿ. ಸಮಿತಿ ಬೇಡ. ಕಲಬುರಗಿ ಕಡೆಯವರೊಬ್ಬರು ಜೊತೆಯಲ್ಲಿರಲಿ, ಬೋಗಿಯ ನಂಬರ್ ಅವರ ಮನೆಗೆ ಸರಿಯಾಗಿ ಗೊತ್ತಿರಲಿ.